ಕುಂತುಕೊಳ್ಳೋಕೆ ಒಂದು ಜಾಗ

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲೂಕುಗಳ ಹಾಸ್ಟೆಲ್ ಗೆಳೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತು)



ಇವತ್ತು ಪಾರ್ಕಿನ ಬಗ್ಗೆ ಮಾತಾಡ್ತೀವಿ ಅಂದಾಗ ಹಿಂದಿನ ಸಾಲಿನಿಂದ ಒಂದು ನಗು ಬಂತು. ಬರಲಿ. ಅನ್ನದಲ್ಲಿ ಹುಳ, ಸ್ಕಾಲರ್‌ಶಿಪ್ಪು ಪರೀಕ್ಷೆ ಮುಗಿದ ಮೇಲೆ ಬರುತ್ತೆ, ಎಷ್ಟೋ ಊರಲ್ಲಿ ಕ್ಷೌರದಂಗಡಿಯ ಕುರ್ಚಿ ಇನ್ನೂ ನಮಗಿಲ್ಲ, ಇವರು ಹೂವು ಹುಲ್ಲು ಅಂತ ಬಂದವ್ರೆ ಅಂತ ತಾನೆ ನಿಮ್ಮ ನಗು? ಕವಿತೆ ಬರೆಯೋರಿಗೆ ಇದೊಂದು ಕಾಯಿಲೆ ಅಂತಲೂ ಅಂದುಕೊಂಡಿರಬಹುದು. ಹೂವಿನ ವಿಷಯ ನಮಗೆ ಬೇಡ. ಕುಂತುಕೊಳ್ಳೋ ವಿಷಯ ಮಾತಾಡೋಣ.

ಸಂಜೆ ಕಾಲೇಜು ಬಿಟ್ಟ ಮೇಲೆ ನಾವು ಎಲ್ಲಿಗೆ ಹೋಗ್ತೀವಿ? ರೂಮಿನಲ್ಲಿ ಎಂಟು ಜನ, ಎಂಟು ಟ್ರಂಕು. ಅಲ್ಲಿ ಓದೋಕೂ ಆಗಲ್ಲ, ಮನಸ್ಸು ಬಿಚ್ಚಿ ಮಾತಾಡೋಕೂ ಆಗಲ್ಲ. ಬಸ್‌ಸ್ಟ್ಯಾಂಡಿಗೆ ಹೋಗ್ತೀವಿ. ಅರ್ಧ ಗಂಟೆ ಕುಂತರೆ 'ಯಾವ ಬಸ್ಸಿಗೆ ಹೋಗ್ಬೇಕ್ರಯ್ಯಾ?' ಅಂತ ಒಬ್ಬ ಬರ್ತಾನೆ. ಹೋಟೆಲಿಗೆ ಹೋದರೆ ಒಂದು ಟೀಗೆ ಹತ್ತು ನಿಮಿಷ, ಆಮೇಲೆ ಮಾಣಿ ಬಂದು ಟೇಬಲ್ಲು ಒರೆಸ್ತಾನೆ. ದೇವಸ್ಥಾನದ ಜಗಲಿ ಬೇಡವೇ ಬೇಡ. ಸ್ಕೂಲಿನ ಮೈದಾನಕ್ಕೆ ಬೀಗ. ಹುಣಸೂರಿನಲ್ಲಿ ಇರೋರು ಲಕ್ಷ್ಮಣತೀರ್ಥದ ಸೇತುವೆಗೆ ಒರಗಿ ನಿಲ್ತೀವಿ. ನಿಲ್ತೀವಿ ಅಷ್ಟೆ, ಕೂರೋದಿಲ್ಲ. ದುಡ್ಡು ಕೊಡದೆ, ಅಪ್ಪಣೆ ಕೇಳದೆ, 'ಯಾರ ಪೈಕಿ ನೀನು' ಅನ್ನಿಸಿಕೊಳ್ಳದೆ ಒಬ್ಬ ಮನುಷ್ಯ ಒಂದು ಗಂಟೆ ಸುಮ್ಮನೆ ಕೂರಬಹುದಾದ ಜಾಗ ಇದ್ದರೆ ಅದು ಸಾರ್ವಜನಿಕ ಜಾಗ. ಈ ನಾಲ್ಕು ಪೇಟೆಯಲ್ಲಿ ಅಂಥ ಜಾಗ ಎಷ್ಟಿದೆ ಅಂತ ಬೆರಳು ಮಡಿಚಿ ಲೆಕ್ಕ ಹಾಕಿ. ಒಂದು ಕೈ ಸಾಕಾಗುತ್ತೆ.

ಮುಂದೆ ಕಾಂಪೌಂಡು, ಮೇಲೆ ಟೆರೇಸು ಇರೋ ಮನೆಯವರಿಗೆ ಪಾರ್ಕು ಅಂದರೆ ಸಕ್ಕರೆ ಕಾಯಿಲೆಗೆ ಬೆಳಿಗ್ಗೆ ನಾಲ್ಕು ಸುತ್ತು ಹಾಕೋ ಜಾಗ. ಹತ್ತಡಿ ಮನೆಯವರಿಗೆ ಅದು ಮನೆಯ ಇನ್ನೊಂದು ಕೋಣೆ. ಹೆಣ ಇಡೋದೂ ಅಲ್ಲೇ, ಮದುವೆ ಚಪ್ಪರ ಹಾಕೋದೂ ಅಲ್ಲೇ, ಮಗು ಅಂಬೆಗಾಲಿಡೋದೂ ಅಲ್ಲೇ ಆಗಬೇಕು. ಅದಿಲ್ಲದ್ದರಿಂದ ಎಲ್ಲವೂ ರಸ್ತೆಯಲ್ಲಿ ನಡೀತದೆ. ಆಮೇಲೆ 'ಈ ಜನಕ್ಕೆ ಶಿಸ್ತಿಲ್ಲ, ರಸ್ತೆಗೆ ಅಡ್ಡ ಚಪ್ಪರ ಹಾಕ್ತಾರೆ' ಅಂತ ಅವರೇ ಅನ್ನುತ್ತಾರೆ.

ಹಳ್ಳಿಯಿಂದ ಬಂದ ನಮಗೆ ಊರ ನಡುವಿನ ಜಾಗ ಅಂದರೆ ಮೊದಲು ಕಣ್ಣಿಗೆ ಬರೋದು ಅರಳಿಕಟ್ಟೆ. ಅದನ್ನು ಕಟ್ಟಿದ ಬುದ್ಧಿ ದೊಡ್ಡದು, ಒಪ್ಪಲೇಬೇಕು. ಮೊಣಕಾಲೆತ್ತರದ ಕಲ್ಲು, ಕುಂತರೆ ಕಾಲು ನೆಲಕ್ಕೆ ತಾಗುತ್ತೆ. ಮಧ್ಯಾಹ್ನಕ್ಕೂ ನೆರಳು. ನಾಲ್ಕು ದಾರಿ ಕೂಡುವ ಕಡೆ ಇರುವುದರಿಂದ ಬರೋರು ಹೋಗೋರು ಕಾಣ್ತಾರೆ. ಗೇಟಿಲ್ಲ, ಬೀಗ ಇಲ್ಲ, ವೇಳಾಪಟ್ಟಿ ಇಲ್ಲ. 1980ರಲ್ಲಿ ವಿಲಿಯಂ ವೈಟ್ ಅನ್ನೋ ಅಮೆರಿಕದವನು ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ವರ್ಷಗಟ್ಟಲೆ ನೋಡಿ ಒಂದು ಪುಸ್ತಕ ಬರೆದ. ಅವನು ಕಂಡುಕೊಂಡದ್ದು ಏನು ಅಂದ್ರೆ, ಕೂರೋಕೆ ಜಾಗ ಇದ್ದ ಕಡೆ ಜನ ಕೂರ್ತಾರೆ ಅಂತ. ನಮ್ಮೂರ ಒಡ್ಡರಿಗೆ ಗೊತ್ತಿದ್ದ ಮಾತು.

ಆದರೆ ಆ ಕಟ್ಟೆಯ ಮೇಲೆ ಬೋರ್ಡಿಲ್ಲದ ಒಂದು ಕಾನೂನು ಇತ್ತು. ನಮ್ಮ ಅಜ್ಜಂದಿರು ಅದರ ಮುಂದೆ ಹಾಯುವಾಗ ಎಕ್ಕಡ ಕಳಚಿ ಕೈಲಿ ಹಿಡೀತಿದ್ದರು. ನ್ಯಾಯ ನಡೆದರೆ ಗೌಡರು ಮೇಲೆ ನೆರಳಲ್ಲಿ, ನಮ್ಮೋರು ಕೆಳಗೆ ಬಿಸಿಲಲ್ಲಿ ಕೈಕಟ್ಟಿಕೊಂಡು. ಆ ಕಲ್ಲು ಹೊತ್ತೋರಲ್ಲಿ ನಮ್ಮೋರೂ ಇದ್ದರು, ಮರಕ್ಕೆ ನೀರು ಹುಯ್ದೋರಲ್ಲೂ ಇದ್ದರು. ಜಾತಿ ನಮ್ಮ ನಾಡಿನಲ್ಲಿ ನೀರು ಮುಟ್ಟುವುದರಲ್ಲಿ, ಹೆಣ್ಣು ಕೊಡುವುದರಲ್ಲಿ ಇದೆ ಅಂತ ಎಲ್ಲರೂ ಹೇಳ್ತಾರೆ. ಕೂರುವ ಎತ್ತರದಲ್ಲೂ ಇದೆ.

ಹಳ್ಳಿ ಬಿಟ್ಟು ಪೇಟೆಗೆ ಬಂದರೆ ಇದು ತಪ್ಪುತ್ತೆ ಅಂತ ಬಾಬಾಸಾಹೇಬರು ನಂಬಿದ್ದರು. ನಾವೂ ನಂಬ್ತೀವಿ. ಆದರೆ ಪೇಟೆಯನ್ನು ಕಾಗದದ ಮೇಲೆ ಗೆರೆ ಎಳೆದು ಕಟ್ಟಿದೋರು ಯಾರು, ಆ ಗೆರೆಯಲ್ಲಿ ನಮಗೆ ಯಾವ ಜಾಗ ಇಟ್ಟರು ಅನ್ನೋದನ್ನು ನೋಡಬೇಕು. ಹತ್ತಿರದ ಮೈಸೂರನ್ನೇ ನೋಡಿ. ಪ್ಲೇಗು ಬಂದು ಜನ ಸತ್ತ ಮೇಲೆ 1903ರಲ್ಲಿ ಅಲ್ಲಿ ನಗರ ಸುಧಾರಣಾ ಮಂಡಳಿ ಆಯಿತು. ಇಂಡಿಯಾದಲ್ಲೇ ಅಂಥ ಮೊದಲ ಮಂಡಳಿಗಳಲ್ಲಿ ಒಂದು ಅಂತ ಹೆಮ್ಮೆಯಿಂದ ಹೇಳ್ತಾರೆ. ಗಾಳಿ ಬೆಳಕು ಬರೋ ಅಗಲ ರಸ್ತೆ, ಸರ್ಕಲ್ಲು, ಪಾರ್ಕು, ಹೊಸ ಬಡಾವಣೆ. ಒಳ್ಳೆಯದೇ. ಆ ಹಳೇ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಒಂದು ಸಣ್ಣ ಓಣಿ ಇದೆ, ನೋಡಿದ್ದೀರಾ? ಕನ್ಸರ್ವೆನ್ಸಿ ಅಂತಾರೆ. ಕಕ್ಕಸು ಬಳಿಯೋರು ಮುಂಬಾಗಿಲಿಗೆ ಬರದೆ ಹಿಂದಿನಿಂದಲೇ ಬಂದು ಹಿಂದಿನಿಂದಲೇ ಹೋಗಲಿ ಅಂತ ಬಿಟ್ಟ ದಾರಿ. ಇಂಜಿನಿಯರ ನಕಾಶೆಯಲ್ಲಿ ನಮ್ಮನ್ನು ಮರೆತಿರಲಿಲ್ಲ ಕಣ್ರಪ್ಪ. ಅಳತೆ ಮಾಡಿ ಜಾಗ ಕೊಟ್ಟಿದ್ದ. ಮುಂದೆ ಪಾರ್ಕು ಅವರಿಗೆ, ಹಿಂದೆ ಓಣಿ ನಮಗೆ. 1970ರ ದಶಕದಲ್ಲಿ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಮಲ ಹೊರುವುದನ್ನು ನಿಲ್ಲಿಸಿದರು, 1993ರಲ್ಲಿ ಮತ್ತೆ 2013ರಲ್ಲಿ ದೆಹಲಿಯ ಕಾಯಿದೆಗಳೂ ಬಂದವು. ಓಣಿಗಳು ಮಾತ್ರ ಮೈಸೂರಲ್ಲಿ ಇನ್ನೂ ಇವೆ.

ನಮ್ಮ ನಾಲ್ಕು ಪೇಟೆಯಲ್ಲೂ ಹೀಗೆ ಗೆರೆ ಎಳೆದು ಕಟ್ಟಿದ್ದು ಒಂದಿದೆ, ಕೆ.ಆರ್. ನಗರ. ಹಳೇ ಊರು ಯಡತೊರೆ ಕಾವೇರಿ ದಂಡೆಯಲ್ಲಿ, ಪ್ರವಾಹಕ್ಕೆ ಸಿಕ್ಕಿ ಸಿಕ್ಕಿ ಹಾಳಾಗ್ತಿತ್ತು. 1925ರಿಂದ 1930ರ ಹೊತ್ತಿಗೆ ಸ್ವಲ್ಪ ದೂರದಲ್ಲಿ ಹೊಸ ಊರು ಕಟ್ಟಿ ನಾಲ್ವಡಿಯವರ ಹೆಸರಿಟ್ಟರು. ಅದಕ್ಕೇ ಅಲ್ಲಿ ರಸ್ತೆಗಳು ನೆಟ್ಟಗೆ, ಅಗಲವಾಗಿ ಇವೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಹಾಗಲ್ಲ. ಇವು ಕೋಟೆ, ಸಂತೆ, ಹೊಳೆ ಅಂತ ತಾವೇ ಬೆಳೆದವು. ಗೆರೆ ಎಳೆದ ಊರಿನಲ್ಲಿ ಒಂದು ಅನುಕೂಲ ಇದೆ. ಜಾಗ ಎಲ್ಲಿ ಬಿಟ್ಟಿದ್ದಾರೆ, ಯಾವ ಮನೆಯಿಂದ ಎಷ್ಟು ಹೆಜ್ಜೆ ಅಂತ ನಕಾಶೆ ಮುಂದಿಟ್ಟು ಕೇಳಬಹುದು. ಕೆ.ಆರ್. ನಗರದ ಗೆಳೆಯರು ಆ ಕೆಲಸ ಮಾಡಬೇಕು: ನಮ್ಮ ಬೀದಿಯಿಂದ ಹತ್ತಿರದ ಪಾರ್ಕಿಗೆ ಹೆಜ್ಜೆ ಎಣಿಸಿ, ದೊಡ್ಡ ಬೀದಿಯಿಂದಲೂ ಎಣಿಸಿ.

ಪಾರ್ಕು ಅನ್ನೋ ಮಾತೇ ಎಲ್ಲರಿಗೂ ಸಿಹಿ ಅಂತ ತಿಳಿಯಬೇಡಿ. ಎಚ್.ಡಿ. ಕೋಟೆ, ಹುಣಸೂರಿನ ಜೇನುಕುರುಬರ ಹಾಡಿಯಲ್ಲಿ ಹೋಗಿ 'ಪಾರ್ಕು' ಅನ್ನಿ. ಅವರಿಗೆ ಅದರ ಅರ್ಥ ನಾಗರಹೊಳೆ ನ್ಯಾಷನಲ್ ಪಾರ್ಕು, ಅಂದ್ರೆ ಅವರನ್ನು ಹೊರಗೆ ಹಾಕಿದ ಜಾಗ. ಕಾಡಿನೋರನ್ನು ಕಾಡಿನಿಂದ ಎಬ್ಬಿಸಿ, ಅದೇ ಕಾಡಿನೊಳಗೆ ಒಂದು ದೊಡ್ಡ ಹೋಟೆಲ್ ಕಂಪನಿಗೆ ಜಾಗ ಕೊಡೋಕೆ ಹೊರಟಿದ್ದರು. ಆದಿವಾಸಿಗಳು ಹೋರಾಡಿದ್ದರಿಂದ 1997ರಲ್ಲಿ ಹೈಕೋರ್ಟು ಅದನ್ನು ತಡೀತು. ದೂರದ ಅಮೆರಿಕದಲ್ಲೂ ಇದೇ ಕಥೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕು ಜಗತ್ತಿಗೇ ಹೆಸರುವಾಸಿ. ಆ ಹುಲ್ಲಿನ ಕೆಳಗೆ ಸೆನೆಕಾ ವಿಲೇಜ್ ಅಂತ ಒಂದು ಊರಿತ್ತು, ಹೆಚ್ಚಿನವರು ಸ್ವಂತ ದುಡ್ಡಲ್ಲಿ ಜಾಗ ಕೊಂಡು ಮನೆ ಕಟ್ಟಿದ್ದ ಕಪ್ಪು ಜನ. 1857ರಲ್ಲಿ ಪಾರ್ಕಿಗಾಗಿ ಅದನ್ನು ಕೆಡವಿದರು. ಆದ್ದರಿಂದ ಪಾರ್ಕು ಬೇಕು ಅಂತ ಕೂಗೋ ಮೊದಲು ಯಾರ ಜಾಗದಲ್ಲಿ ಅಂತ ಕೇಳಬೇಕು.

ಸಂವಿಧಾನ ಏನು ಹೇಳುತ್ತೆ? 15ನೇ ವಿಧಿಯ ಎರಡನೇ ಖಂಡ ಓದಿಕೊಳ್ಳಿ. ಅಂಗಡಿ ಹೋಟೆಲುಗಳ ಜೊತೆಗೆ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸರ್ಕಾರದ ಹಣದಲ್ಲಿ ನಡೆಯುವ ಸಾರ್ವಜನಿಕರು ಸೇರುವ ಜಾಗಗಳು, ಇವುಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವ ಹಾಗಿಲ್ಲ. ಈ ಪಟ್ಟಿ ಆಕಾಶದಿಂದ ಇಳಿದದ್ದಲ್ಲ. 1923ರಲ್ಲಿ ಮುಂಬೈ ಶಾಸನಸಭೆ ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಅಂತ ಠರಾವು ಮಾಡ್ತು. 1924ರಲ್ಲಿ ಮಹಾಡದ ಮುನಿಸಿಪಾಲಿಟಿ ತನ್ನ ಚವದಾರ ಕೆರೆಯೂ ಎಲ್ಲರಿಗೂ ಅಂತ ಬರೀತು. ಕಾಗದ ಕಾಗದವಾಗೇ ಉಳೀತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ಹೋಗಿ ನೀರು ಮುಟ್ಟಿದಾಗಲೇ ಆ ಠರಾವಿಗೆ ಜೀವ ಬಂದದ್ದು. ಆಮೇಲೆ ಸವರ್ಣೀಯರು ನೂರೆಂಟು ಮಡಕೆ ಗಂಜಲ ಸಗಣಿ ಹಾಲು ಮೊಸರು ಹುಯ್ದು ಕೆರೆ ತೊಳೆದರು! ಕೋರ್ಟಿನಲ್ಲಿ ಗೆಲ್ಲೋಕೆ 1937 ಆಯಿತು. ಮುನಿಸಿಪಾಲಿಟಿಯ ಆಸ್ತಿ ಎಲ್ಲರದು ಅನ್ನೋ ಸರಳ ಮಾತಿಗೆ ಹತ್ತು ವರ್ಷ.

ಈಗ ಯಾರೂ ಪಾರ್ಕಿಗೆ ಗಂಜಲ ಹುಯ್ಯಲ್ಲ. ಬೀಗ ಹಾಕ್ತಾರೆ. ಅಮೆರಿಕದ ಮಾಂಟ್ಗೊಮರಿ ಅನ್ನೋ ಊರಿನಲ್ಲಿ, ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಡದೆ ಕುಂತಳಲ್ಲ ಅದೇ ಊರಿನಲ್ಲಿ, ಪಾರ್ಕಿಗೆ ಕಪ್ಪು ಜನರನ್ನೂ ಬಿಡಬೇಕಾಗುತ್ತೆ ಅಂತ ಗೊತ್ತಾದಾಗ 1959ರಲ್ಲಿ ಊರಿನ ಎಲ್ಲಾ ಪಾರ್ಕನ್ನೂ ಮುಚ್ಚಿಬಿಟ್ಟರು. ಈಜುಕೊಳಕ್ಕೆ ಮಣ್ಣು ತುಂಬಿದರು. 1965ರವರೆಗೆ ಬಿಳಿಯರ ಮಕ್ಕಳೂ ಆಡಲಿಲ್ಲ. ತನಗೆ ಇಲ್ಲದಿದ್ದರೂ ಸರಿ, ನಿನಗೆ ಸಿಗಬಾರದು. ಈ ಬುದ್ಧಿ ನಮಗೆ ಹೊಸದಲ್ಲ, ಬಾವಿಗೆ ಹಾಳು ಸುರಿದೋರನ್ನು ನಾವು ನೋಡಿದ್ದೀವಿ.

ಪೇಟೆಯ ಪಾರ್ಕಿನ ಬೋರ್ಡುಗಳನ್ನು ಓದಿ. ಬೆಳಿಗ್ಗೆ ಐದೂವರೆಯಿಂದ ಒಂಬತ್ತು, ಸಂಜೆ ನಾಲ್ಕರಿಂದ ಏಳೂವರೆ. ಹುಲ್ಲಿನ ಮೇಲೆ ಕೂರಬಾರದು. ಮಲಗಬಾರದು. ಆಟ ಆಡಬಾರದು. ಊಟ ಮಾಡಬಾರದು. ನಮ್ಮ ಜಾತಿಯ ಹೆಸರು ಎಲ್ಲೂ ಇಲ್ಲ, ಸಂವಿಧಾನಕ್ಕೆ ವಿರುದ್ಧವಾದದ್ದು ಒಂದಕ್ಷರವೂ ಇಲ್ಲ. ಆದರೆ ಹತ್ತು ಗಂಟೆಯಿಂದ ನಾಲ್ಕರವರೆಗೆ ನೆರಳು ಬೇಕಾಗಿರೋದು ಯಾರಿಗೆ? ಹಳ್ಳಿಯಿಂದ ತಾಲೂಕು ಕಚೇರಿಗೆ ಬಂದು 'ಮಧ್ಯಾಹ್ನದ ಮೇಲೆ ಬಾ' ಅನ್ನಿಸಿಕೊಂಡ ಮುದುಕಿಗೆ. ಹೊಗೆಸೊಪ್ಪಿನ ಕೆಲಸ ಸಿಗದೆ ವಾಪಸ್ ಬಸ್ಸಿಗೆ ಕಾಯೋ ಕೂಲಿಗಳಿಗೆ. ಬುತ್ತಿ ಬಿಚ್ಚಬೇಕಾದ ಗಾರೆ ಕೆಲಸದ ಹೆಂಗಸಿಗೆ. ಆ ಹೊತ್ತಿಗೇ ಬೀಗ. ಬೆಳಗಿನ ಜಾವ ಅದೇ ಪಾರ್ಕನ್ನು ಗುಡಿಸುವ ಪೌರಕಾರ್ಮಿಕ ಅಕ್ಕ ಸಂಜೆ ಅದೇ ಬೆಂಚಿನ ಮೇಲೆ ಕುಂತದ್ದನ್ನು ನಾವಂತೂ ನೋಡಿಲ್ಲ. ಯಾರೂ ಅವಳನ್ನು ತಡೆದಿಲ್ಲ ಅಂತಾರೆ. ತಡೆಯೋ ಅಗತ್ಯವೇ ಬರಲಿಲ್ಲ.

ಹೊಸ ಬಡಾವಣೆಗಳ ಮಾತು ಚುಟುಕಾಗಿ ಹೇಳ್ತೀವಿ. ನಕಾಶೆಯಲ್ಲಿ ಹಸಿರು ಬಣ್ಣ ಇರುತ್ತೆ, ಹೋಗಿ ನೋಡಿದರೆ ಒಂದೋ ಗುಡಿ, ಇಲ್ಲವೇ ಸಮುದಾಯ ಭವನ, ಇಲ್ಲವೇ ಯಾರದೋ ಶೆಡ್ಡು. ಪಾರ್ಕಿಗೆ ಬಿಟ್ಟ ಜಾಗ ಬೇರೆಯದಕ್ಕೆ ಕೊಡೋ ಹಾಗಿಲ್ಲ ಅನ್ನೋದಕ್ಕೆ ನಮ್ಮ ರಾಜ್ಯದ್ದೇ ಕೇಸಿದೆ. ಬೆಂಗಳೂರಿನ ಒಂದು ಬಡಾವಣೆಯ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋಗಿ 1991ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಗೆದ್ದರು. ಮುದ್ದಪ್ಪ ಕೇಸು ಅಂತ ಲಾಯರುಗಳನ್ನು ಕೇಳಿದರೆ ಹೇಳ್ತಾರೆ. ಅದಕ್ಕೂ ಮೊದಲೇ 1985ರಲ್ಲಿ ಪಾರ್ಕು, ಆಟದ ಮೈದಾನ, ತೆರೆದ ಜಾಗಗಳನ್ನು ಕಾಪಾಡೋಕೆ ಅಂತಲೇ ಕರ್ನಾಟಕದ ಕಾಯಿದೆ ಬಂತು. ಬೆಂಗಳೂರಿನ ಉಳ್ಳವರು ಆ ಕಾನೂನು ಬಳಸಿಕೊಂಡರು. ನಮ್ಮ ಕೇರಿಯವರು ಬಳಸಬಾರದು ಅಂತ ಯಾರು ಹೇಳಿದರು?

ನಮ್ಮ ಬೀದಿಗಳ ಕಡೆಗೆ ಬರೋಣ. ಜನತಾ ಮನೆ, ಆಶ್ರಯ ಮನೆ ಅಂತ ಸಾಲು ಸಾಲು ಕಟ್ಟಿದರು. ಸೂರು ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಸಾಲು ಮನೆಯ ನಡುವೆ ಒಂದು ಮರ ಬಿಡಲಿಲ್ಲ. ಹಳೇ ಕೇರಿಯಲ್ಲಾದರೂ ಚಾವಡಿ ಇತ್ತು, ಮಾರಿಗುಡಿ ಮುಂದೆ ಬಯಲಿತ್ತು. ಹುಣ್ಣಿಮೆಯಲ್ಲಿ ಕಥೆ ನಡೀತಿತ್ತು, ತಮಟೆ ಕಾಯಿಸೋ ಬೆಂಕಿ ಅಲ್ಲೇ ಉರೀತಿತ್ತು. ಕಾಲೋನಿಯಲ್ಲಿ ಒಂದಿಷ್ಟು ಜಾಗ ಉಳಿದರೆ ಅದು ನೀರಿನ ಟ್ಯಾಂಕಿಗೆ, ಇಲ್ಲವೇ ಊರಿನ ಕಸ ತಂದು ಸುರಿಯೋಕೆ.

ಹಾಗಾದರೆ ನಮ್ಮ ಕಾಲೋನಿಗೇ ಒಂದು ಪಾರ್ಕು ಕೊಡಿ ಅಂತ ಕೇಳೋಣವೆ? ಇಲ್ಲಿ ನಮ್ಮ ನಮ್ಮಲ್ಲೇ ಜಗಳ ಇದೆ. ಮೈಸೂರಿನ ಅಶೋಕಪುರಂ ನೋಡಿ ಅಂತ ಕೆಲವರು ಹೇಳ್ತಾರೆ. ಹಿಂದೆ ಆದಿಕರ್ನಾಟಕಪುರ ಅಂತಿದ್ದ, ನಮ್ಮೋರಿಗೆ ಬೇರೆಯಾಗಿ ಮಾಡಿದ್ದ ಬಡಾವಣೆ. ಇವತ್ತು ಅಲ್ಲಿ ಅಂಬೇಡ್ಕರ್ ಪಾರ್ಕಿದೆ, ಸಭೆ ನಡೀತವೆ, ಏಪ್ರಿಲ್ 14ಕ್ಕೆ ಜನ ಸೇರ್ತಾರೆ. ನಮ್ಮದು ಅಂತ ಒಂದು ನೆಲ ಇದ್ದರೆ ಬೆನ್ನು ನೆಟ್ಟಗಾಗುತ್ತೆ, ಅದು ನಿಜ. ಇನ್ನು ಕೆಲವರು ಹೇಳ್ತಾರೆ, ಕೇರಿಗೊಂದು ಪಾರ್ಕು ಕೊಟ್ಟರೆ ಊರಿನೋರು ಹಾಯಾಗಿ ತಮ್ಮ ಪಾರ್ಕಲ್ಲಿ ತಾವೇ ಇರ್ತಾರೆ, ಅದು ಬೇರೆ ಲೋಟ ಇಟ್ಟಂತೆ ಅಂತ. ಅದೂ ನಿಜ. ನಮ್ಮ ಅಭಿಪ್ರಾಯ ಹೇಳ್ತೀವಿ, ಒಪ್ಪದಿದ್ದರೆ ಆಮೇಲೆ ಬೈಯಿರಿ: ಜಾಗ ಸಂದಿಯಲ್ಲಿ ಬೇಕು. ಕೇರಿ ಮುಗಿದು ಊರು ಶುರುವಾಗೋ ಕಡೆ, ಸಂತೆಗೆ, ರೇಷನ್ ಅಂಗಡಿಗೆ, ಸ್ಕೂಲಿಗೆ ಎರಡೂ ಕಡೆಯೋರು ಹಾಯಲೇಬೇಕಾದ ದಾರಿಯಲ್ಲಿ. ಅಲ್ಲಿ ನಾವು ಕುಂತರೆ ನಮ್ಮ ಮನೆ ಹತ್ತಿರವೇ ಕುಂತ ಧೈರ್ಯ ಇರುತ್ತೆ. ಅವರು ಬಂದರೆ ನಮ್ಮ ಪಕ್ಕವೇ ಕೂರಬೇಕಾಗುತ್ತೆ.

ಅದು ಹೇಗಿರಬೇಕು? ಸುತ್ತ ಎದೆಯೆತ್ತರದ ಗ್ರಿಲ್ಲು ಬೇಡ, ಕೂರೋ ಎತ್ತರದ ಕಲ್ಲಿನ ಅಂಚು ಸಾಕು, ಬೇಲಿಯೇ ಬೆಂಚಾಗುತ್ತೆ. ಒಂದೇ ಗೇಟು ಬೇಡ, ಒಂದೇ ಗೇಟಾದರೆ ಅಲ್ಲೊಬ್ಬ ಕಾವಲುಗಾರ ಹುಟ್ಟುತ್ತಾನೆ. ನಾಲ್ಕು ಕಡೆಯಿಂದ ದಾರಿ ಇರಲಿ. ಬೇಸಿಗೆಯಲ್ಲಿ ಕೊಡ ಹಿಡಿದು ಕಾಯೋ ಊರಿನಲ್ಲಿ ಹುಲ್ಲುಹಾಸಿಗೆ ಕುಡಿಯೋ ನೀರು ಬಿಡೋದು ನಾಚಿಕೆಗೇಡು. ಹೊಂಗೆ, ಬೇವು, ನೇರಳೆ, ಹುಣಿಸೆ ಹಾಕಿ. ಮೊದಲ ಎರಡು ಬೇಸಿಗೆ ನೀರು ಕೊಟ್ಟರೆ ಆಮೇಲೆ ಅವು ನಮ್ಮ ಥರವೇ, ತಾವೇ ಬದುಕಿಕೊಳ್ತವೆ. ಒಂದು ಭಾಗ ಬರೀ ಮಣ್ಣು ಇರಲಿ, ಕಬಡ್ಡಿಗೆ, ಚಪ್ಪರಕ್ಕೆ, ಸಭೆಗೆ. ಒಂದು ಗೋಡೆ ಇರಲಿ, ಪೋಸ್ಟರು ಅಂಟಿಸೋಕೆ. ನಲ್ಲಿ, ಕಕ್ಕಸು, ದೀಪ ಇವು ಅಲಂಕಾರವಲ್ಲ. ನಮ್ಮ ಲೇಡೀಸ್ ಹಾಸ್ಟೆಲಿನ ಗೆಳತಿಯರು ಸರಿಯಾಗಿ ಕೇಳಿದರು: 'ನೀವು ಸೇತುವೆ ಮೇಲಾದರೂ ನಿಲ್ತೀರಿ, ನಾವು ಎಲ್ಲಿ ನಿಲ್ಲೋದು? ಆರು ಗಂಟೆಗೆ ನಮ್ಮ ಗೇಟು ಬೀಳುತ್ತೆ.' ದೀಪ ಇಲ್ಲದ, ಕಕ್ಕಸು ಇಲ್ಲದ, ದಾರಿಯಿಂದ ಕಾಣದ ಪಾರ್ಕು ಗಂಡಸರ ಇಸ್ಪೀಟು ಅಡ್ಡೆ ಆಗುತ್ತೆ. ಅದರ ಸುತ್ತ ಟೀ ಅಂಗಡಿ, ಹೂವಿನ ಬುಟ್ಟಿ, ಕಡಲೆಕಾಯಿ ಗಾಡಿ ಇರಲಿ. ತಳ್ಳುಗಾಡಿ ಓಡಿಸಿದರೆ ಪಾರ್ಕು ಚೆಂದ ಆಗುತ್ತೆ ಅನ್ನೋ ಅಧಿಕಾರಿಗೆ ಹೇಳಿ, ನಾಲ್ಕು ಜನ ಕಣ್ಣಿಟ್ಟಿರೋ ಜಾಗವೇ ಹೆಣ್ಣುಮಕ್ಕಳಿಗೆ ಧೈರ್ಯದ ಜಾಗ ಅಂತ.

ಪ್ರತಿಮೆ ಬೇಡವೆ ಅಂತ ಕೇಳ್ತೀರಿ. ಬೇಕು. ಸರ್ಕಲ್ಲಿನಲ್ಲಿ ಬಾಬಾಸಾಹೇಬರು ನಿಂತ ಮೇಲೆ ತಾನೆ ಎಷ್ಟೋ ಪೇಟೆಯಲ್ಲಿ ನಮ್ಮ ಜನ ಊರ ನಡುವೆ ಗುಂಪು ಸೇರೋಕೆ ಶುರು ಮಾಡಿದ್ದು. ಆದರೆ ತಮಿಳುನಾಡಿನಲ್ಲಿ ಎಷ್ಟೋ ಕಡೆ ಪ್ರತಿಮೆಯನ್ನು ಕಬ್ಬಿಣದ ಪಂಜರದೊಳಗೆ ಇಟ್ಟಿದ್ದಾರೆ, ಯಾರಾದರೂ ಹಾಳು ಮಾಡ್ತಾರೆ ಅಂತ. ಪಂಜರದ ಹೊರಗೆ ವಾಹನ ಸುತ್ತುತ್ತೆ, ಹತ್ತಿರ ಹೋಗೋಕೆ ದಾರಿ ಇಲ್ಲ. ಲಖನೌದಲ್ಲಿ 2008ರಲ್ಲಿ ತೆರೆದ ಅಂಬೇಡ್ಕರ್ ಪಾರ್ಕಿನಲ್ಲಿ ಎಕರೆಗಟ್ಟಲೆ ಕಲ್ಲು ಹಾಸಿದ್ದಾರೆ. ಅದನ್ನು ಆಡಿಕೊಳ್ಳೋರ ಜೊತೆ ನಾವು ಸೇರಲ್ಲ. ಅರಮನೆ ಕಟ್ಟಿದಾಗ ಖರ್ಚು ಕೇಳದೋರು ಈಗ ಕೇಳ್ತಾರೆ. ಆದರೂ ಜೇಷ್ಠದ ಬಿಸಿಲಲ್ಲಿ ಕಾದ ಕಲ್ಲಿನ ಮೇಲೆ ಮಗು ಕೂರಲ್ಲ. ಪ್ರತಿಮೆಯ ಪೀಠವನ್ನು ಸುತ್ತಲೂ ಅಗಲ ಮಾಡಿ ಕಟ್ಟೆ ಕಟ್ಟಿ, ಮೇಲೆ ಒಂದು ಮರ ಬರಲಿ. ಅವರ ಕಾಲ ಬುಡದಲ್ಲಿ ನಾಲ್ಕು ಹುಡುಗರು ಪೇಪರು ಓದ್ತಾ ಕುಂತಿರಲಿ.

ದುಡ್ಡಿಲ್ಲ ಅಂತ ಪುರಸಭೆಯೋರು ಹೇಳ್ತಾರೆ. ಶೇ. 24.10ರ ಹಣ ಅಂತ ಒಂದಿದೆ, ಪರಿಶಿಷ್ಟರಿಗಾಗಿ ಮೀಸಲಿಡಲೇಬೇಕಾದದ್ದು. ಪ್ರತಿ ವರ್ಷ ಚರಂಡಿ, ಕಾಂಕ್ರೀಟು, ಮತ್ತೆ ಚರಂಡಿ. ಚರಂಡಿ ಊರಿಗೆಲ್ಲಾ ಸಾಮಾನ್ಯ ಹಣದಲ್ಲಿ ಆಗುತ್ತೆ, ನಮಗೆ ಮಾತ್ರ ನಮ್ಮ ಪಾಲಿನ ಹಣದಲ್ಲಿ! ಸಂವಿಧಾನದ 12ನೇ ಅನುಸೂಚಿ, 1992ರ 74ನೇ ತಿದ್ದುಪಡಿಯಿಂದ ಬಂದದ್ದು, ಪಾರ್ಕು ತೋಟ ಆಟದ ಬಯಲು ಒದಗಿಸೋದನ್ನು ಪುರಸಭೆಗಳ ಕೆಲಸಗಳ ಪಟ್ಟಿಯಲ್ಲೇ ಬರೆದಿದೆ. ನಮ್ಮ ವಾರ್ಡಿನ ಮೆಂಬರು ನಮ್ಮೋರೇ ಇರಬಹುದು, ಅವರಿಗೂ ಇದನ್ನು ತೋರಿಸಿ.

ಮುಂದಿನ ಭಾನುವಾರದೊಳಗೆ ಪ್ರತಿ ಪೇಟೆಯಿಂದ ಒಂದು ಗುಂಪು ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಕೇಳಬೇಕಾದ್ದು: 1985ರ ಕಾಯಿದೆಯಡಿ ಈ ಊರಿನ ಪಾರ್ಕು, ಮೈದಾನ, ತೆರೆದ ಜಾಗಗಳ ಪಟ್ಟಿ ಕೊಡಿ, ಒಂದೊಂದರ ಅಳತೆ ಎಷ್ಟು, ಈಗ ಅಲ್ಲಿ ಏನಿದೆ, ಬೀಗದ ಕೈ ಯಾರ ಹತ್ತಿರ ಇದೆ. ಶುಲ್ಕ ಹತ್ತು ರೂಪಾಯಿ, ಬಿ.ಪಿ.ಎಲ್. ಕಾರ್ಡಿದ್ದರೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಅರ್ಜಿ ನೂರೈವತ್ತು ಪದ ಮೀರಬಾರದು, ಆದ್ದರಿಂದ ಕವಿಗಳ ಕೈಗೆ ಬರೆಯೋಕೆ ಕೊಡಬೇಡಿ. ಅಳತೆ ಟೇಪು ಐಟಿಐ ಹುಡುಗರ ಹತ್ತಿರ ಇದೆ. ಹುಣಸೂರಿನೋರು ಬೆಳಿಗ್ಗೆ ಏಳಕ್ಕೆ ಸೇತುವೆ ಹತ್ತಿರ ಬನ್ನಿ, ಹೊಳೆ ದಂಡೆಯ ಖಾಲಿ ಜಾಗದಿಂದ ಶುರು ಮಾಡೋಣ.

ಜೈ ಭೀಮ್.